ಬೆಳಗ್ಗೆ 7:10ರ ಬಸ್ಸು, ಒಂದೇ ಡ್ರೈವರ್, ಮೂವರು ಕಂಡಕ್ಟರ್

ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ದಿನಾ ಓಡಾಡುವವಳು ನಾನು. ಶಿವಮೊಗ್ಗದಲ್ಲಿ ಒಂದು ಕಂಪನಿಯ ಅಕೌಂಟ್ಸ್ ವಿಭಾಗದಲ್ಲಿ ಕೆಲಸ, ಒಂಬತ್ತೂಕಾಲಿಗೆ ಬೆರಳೊತ್ತಬೇಕು, ಒಂದು ನಿಮಿಷ ತಡವಾದರೂ ಆ ಮಷಿನ್ನು ಕೆಂಪಗೆ ಕಣ್ಣು ಬಿಡುತ್ತದೆ. ಹಾಗಾಗಿ ಬೆಳಗಿನ 7:10ರ ಬಸ್ಸಿನ ಬಗ್ಗೆ ರಿವ್ಯೂ ಬರೆಯುವ ಹಕ್ಕು ನನಗೆ ಬೇರೆ ಯಾರಿಗಿಂತಲೂ ಜಾಸ್ತಿ ಇದೆ ಅಂದುಕೊಂಡಿದ್ದೇನೆ. ಬಸ್ಸಿನ ಹೆಸರು ಹಾಕುವುದಿಲ್ಲ. ಖಾಸಗಿ ಬಸ್ಸು, ಮುಂದಿನ ಗಾಜಿನ ಮೇಲೆ ದೇವರ ಹೆಸರಿದೆ. ನಮ್ಮ ಕಡೆ ಯಾವ ಬಸ್ಸಿಗೆ ಇಲ್ಲ ಹೇಳಿ.

ಮೊದಲಿಗೇ ಸ್ಟಾರ್ ಕೊಟ್ಟುಬಿಡುತ್ತೇನೆ, ಆಮೇಲೆ ಜಗಳ ಬೇಡ. ಸೀಟಿಗೆ ಎರಡು, ನನ್ನ ಮೊಣಕಾಲು ಎದುರಿನ ಸೀಟಿನ ಕಬ್ಬಿಣಕ್ಕೆ ತಾಗಿ ತಾಗಿ ಅಲ್ಲೊಂದು ಕಲೆಯೇ ಆಗಿದೆ. ಹಾಡಿಗೆ ಮೂರು. ಮಳೆಗಾಲದ ಕಿಟಕಿಗೆ ಒಂದು, ಅದೂ ಪಾಪ ಅಂತ. ಆದರೆ ಟೈಮಿಗೆ, ಜನರನ್ನು ಹತ್ತಿಸಿ ಇಳಿಸುವ ರೀತಿಗೆ ಐದಕ್ಕೆ ಐದು. ಈ ಐದು ನಡುವೆ ನಾಲ್ಕು ತಿಂಗಳು ಒಂದೂವರೆಗೆ ಇಳಿದಿತ್ತು. ಬಸ್ಸು ಅದೇ, ಡ್ರೈವರ್ ಅವರೇ, ರಸ್ತೆ ಅದೇ. ಕಂಡಕ್ಟರ್ ಮಾತ್ರ ಬದಲು. ನಾನು ಬರೆಯಲು ಕೂತದ್ದೇ ಆ ನಾಲ್ಕು ತಿಂಗಳ ಕಥೆಗೆ.

ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. ಸುಮಾರು 60 ಕಿಲೋಮೀಟರ್ ದಾರಿ. ಮಾಳೂರು, ಮಂಡಗದ್ದೆ, ಆಮೇಲೆ ಸಕ್ರೆಬೈಲು, ಗಾಜನೂರು, ಶಿವಮೊಗ್ಗ. ತುಂಬಾ ದೂರ ತುಂಗೆ ಜೊತೆಗೇ ಬರುತ್ತಾಳೆ. ನಮ್ಮ ಬಸ್ಸು 8:50ಕ್ಕೆ ಖಾಸಗಿ ಬಸ್ ನಿಲ್ದಾಣ ಮುಟ್ಟಬೇಕು. ಹಿಂದೆ ಹದಿನೈದು ನಿಮಿಷಕ್ಕೆ ಇನ್ನೊಂದು ಬಸ್ಸಿದೆ. ಖಾಸಗಿ ಬಸ್ಸಿಗೆ ಪರ್ಮಿಟ್ ಕೊಡುವಾಗಲೇ ಟೈಮೂ ಬರೆದು ಕೊಟ್ಟಿರುತ್ತಾರೆ. ನೀವು ಹತ್ತು ನಿಮಿಷ ತಡ ಮಾಡಿದರೆ ಹಿಂದಿನ ಬಸ್ಸಿನವರ ಜನರನ್ನು ನೀವು ತುಂಬಿಕೊಂಡ ಹಾಗೆ, ಅವರು ಸುಮ್ನೆ ಬಿಡುವುದಿಲ್ಲ, ಮುಂದೆ ನುಗ್ಗುತ್ತಾರೆ, ಬಸ್ ಸ್ಟ್ಯಾಂಡಿನಲ್ಲಿ ಏಜೆಂಟರ ಎದುರು ಕೂಗಾಟ ಆಗುತ್ತದೆ. ಹಾಗಾಗಿ ಇಲ್ಲಿ ನಿಮಿಷ ಅಂದರೆ ದುಡ್ಡು. ಡ್ರೈವರ್, ಕಂಡಕ್ಟರ್, ಕ್ಲೀನರ್ ಮೂವರಿಗೂ ದಿನದ ಸಂಬಳದ ಮೇಲೆ ಕಲೆಕ್ಷನ್ನಿನಲ್ಲಿ ಇಷ್ಟು ಅಂತ ಸಿಗುತ್ತದೆ. ಒಬ್ಬರು ಸೋಮಾರಿಯಾದರೆ ಮೂವರ ಜೇಬಿಗೂ ಕತ್ತರಿ.

ಸರ್ಕಾರಿ ಬಸ್ಸಿಲ್ವಾ ಅಂತ ಕೇಳುತ್ತೀರಿ. ಇದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ನಮಗೆ ಹೆಂಗಸರಿಗೆ ಅದರಲ್ಲಿ ಟಿಕೆಟ್ಟೂ ಇಲ್ಲ. ಆದರೂ ನಾನು ದುಡ್ಡು ಕೊಟ್ಟು ಈ ಬಸ್ಸು ಹತ್ತುತ್ತೇನೆ. ಅಮ್ಮ ಇದನ್ನು ಕೊಬ್ಬು ಅನ್ನುತ್ತಾಳೆ. ಕೊಬ್ಬಲ್ಲ, ನನ್ನ ಆಫೀಸಿನ ಟೈಮಿಗೆ ಸರಿಯಾಗಿ ಹೊಂದುವುದು ಇದೊಂದೇ.

ಡ್ರೈವರಣ್ಣನಿಗೆ ಐವತ್ತು ದಾಟಿದೆ. ಅವರು ಮೊದಲು ಕೊಪ್ಪದ ಸಹಕಾರ ಸಾರಿಗೆಯಲ್ಲಿದ್ದವರು. ಮಲೆನಾಡಿನವರಿಗೆ ಆ ಹೆಸರು ಬಿಡಿಸಿ ಹೇಳಬೇಕಿಲ್ಲ. ಬೇರೆಯವರಿಗೆ: 1991ರಲ್ಲಿ, ಕೆಲಸ ಹೋಗುವ ಪರಿಸ್ಥಿತಿ ಬಂದ ಬಸ್ ಕಾರ್ಮಿಕರೇ ಸಂಘ ಕಟ್ಟಿಕೊಂಡು, 6 ಬಸ್ಸಿನಿಂದ ಶುರು ಮಾಡಿ, 70ಕ್ಕೂ ಹೆಚ್ಚು ಬಸ್ಸಿನವರೆಗೆ ಬೆಳೆಸಿದ ಸಂಸ್ಥೆ ಅದು. ಡ್ರೈವರೂ ಮಾಲೀಕ, ಕಂಡಕ್ಟರೂ ಮಾಲೀಕ. ನಷ್ಟ ತಡೆಯಲಾರದೆ 2020ರ ಫೆಬ್ರವರಿಯಲ್ಲಿ ನಿಂತೇ ಹೋಯಿತು. ಡೀಸೆಲ್ ರೇಟು, ಖರ್ಚು, ಎಲ್ಲಾ ಸೇರಿ. ನಮ್ಮ ಡ್ರೈವರಣ್ಣ ಆಮೇಲೆ ಈ ಬಸ್ಸಿಗೆ ಬಂದದ್ದು. ಹಳೆಯದನ್ನು ಜಾಸ್ತಿ ಮಾತಾಡುವುದಿಲ್ಲ. ಒಮ್ಮೆ ಮಾತ್ರ, ಮುಂದಿನ ಸೀಟಿನಲ್ಲಿ ಕೂತಿದ್ದಾಗ ನಾನೇ ಕೆದಕಿ ಕೇಳಿದ್ದಕ್ಕೆ, "ಅಲ್ಲಿ ಕಂಡಕ್ಟರ್ ಜೊತೆ ಮಾತು ಬಿಟ್ಟರೆ ನಮ್ಮ ಬಸ್ಸಿಗೇ ನಾವು ಕಲ್ಲು ಹೊಡ್ಕೊಂಡ ಹಾಗೆ ಇತ್ತು ಮಾರಾಯ್ತಿ" ಅಂದರು. ಗೇರ್ ಬದಲಾಯಿಸಿದರು. ಮಾತು ಮುಗಿಯಿತು.

ಮೊದಲನೆಯ ಕಂಡಕ್ಟರ್ ಇವರ ಜೊತೆ ನಾಲ್ಕು ವರ್ಷ ಇದ್ದವರು. ಸಣ್ಣ ಆಳು, ಮೆಲು ದನಿ. ನಾನು ಅವರ ಕೆಲಸವನ್ನು ಸಿನಿಮಾ ನೋಡಿದ ಹಾಗೆ ನೋಡಿದ್ದೇನೆ, ಬೇರೆ ಕೆಲಸ ಏನಿದೆ ಆ ಹೊತ್ತಿಗೆ. ಟಿಕೆಟ್ಟನ್ನು ಹಿಂದಿನಿಂದ ಶುರು ಮಾಡುತ್ತಾರೆ. ನೋಟುಗಳನ್ನು ಉದ್ದಕ್ಕೆ ಮಡಚಿ ಬೆರಳ ಸಂದಿಯಲ್ಲಿ, ಹತ್ತರದ್ದು ಒಂದು ಕಡೆ, ನೂರರದ್ದು ಒಂದು ಕಡೆ. ಕೈ ಟಿಕೆಟ್ ಮಷಿನ್ ಒತ್ತುತ್ತಿದ್ದರೆ ಕಣ್ಣು ಹೊರಗಿರುತ್ತದೆ. ಮಾಳೂರು ಬರುವ ಮೊದಲು ಡ್ರೈವರಣ್ಣನ ಒಳಗಿನ ಕನ್ನಡಿಗೆ ಕಾಣುವ ಹಾಗೆ ಕೈ ಎತ್ತಿ ಬೆರಳು ತೋರಿಸುತ್ತಾರೆ. ಎರಡು ಬೆರಳು ಅಂದರೆ ಇಬ್ಬರು ಇಳಿಯುವವರು. ಬೆರಳು ತೋರಿಸಿ ಅಂಗೈ ಕೆಳಗೆ ಮಾಡಿದರೆ ಡಿಕ್ಕಿಯಲ್ಲಿ ಲಗೇಜಿದೆ ಅಂತ. ಅಂಗೈ ನಡುಗಿಸಿದರೆ ವಯಸ್ಸಾದವರು, ನಿಧಾನ. ಇದನ್ನು ಅವರಿಗೆ ಯಾರೂ ಕಲಿಸಿದ್ದಲ್ಲ. ಕ್ಲೀನರ್ ಹುಡುಗ ಅದೇ ಕೈ ನೋಡಿಕೊಂಡು, ಬಸ್ಸು ನಿಲ್ಲುವ ಮೊದಲೇ ಹಿಂದಿನ ಬಾಗಿಲ ಹತ್ತಿರ ತಯಾರು. ಲಗೇಜಿರುವವರು ಎಲ್ಲಿ ಇಳಿಯುತ್ತಾರೋ ಡಿಕ್ಕಿ ಸರಿಯಾಗಿ ಅವರ ಎದುರಿಗೆ ಬರುವ ಹಾಗೆ ಡ್ರೈವರಣ್ಣ ಬಸ್ಸು ನಿಲ್ಲಿಸುತ್ತಾರೆ. ಎರಡು ವಿಷಲ್. ಹೊರಟಿತು.

ಒಂದು ದಿನ ಸುಮ್ನೆ ಮೊಬೈಲಿನಲ್ಲಿ ಟೈಮ್ ಹಿಡಿದೆ. ಮಂಡಗದ್ದೆ. ಕಾಲೇಜು ಮಕ್ಕಳು ಹನ್ನೆರಡು ಜನ ಹತ್ತಿದರು, ಒಬ್ಬರು ಅಜ್ಜಿ ಹಲಸಿನ ಹಣ್ಣಿನ ಸಮೇತ ಇಳಿದರು, ಎರಡು ಚೀಲ ಅಡಿಕೆ ಏರಿತು, ಶಿವಮೊಗ್ಗದ ಮೆಡಿಕಲ್ ಶಾಪಿಗೆ ಕೊಡಬೇಕಾದ ಔಷಧಿ ಚೀಟಿ ಒಂದು ಕಂಡಕ್ಟರ್ ಜೇಬು ಸೇರಿತು. 52 ಸೆಕೆಂಡ್. ಅಜ್ಜಿಗೆ ಯಾರೂ "ಬೇಗ ಬೇಗ" ಅನ್ನಲಿಲ್ಲ. ಇದನ್ನೇ ನಾನು ಐದು ಸ್ಟಾರ್ ಅನ್ನುವುದು.

ಕಳೆದ ವರ್ಷ ದೀಪಾವಳಿ ಕಳೆದು ಸ್ವಲ್ಪ ದಿನಕ್ಕೆ ಈ ಕಂಡಕ್ಟರ್ ರಜೆ ಹಾಕಿದರು. ಮನೆಯಲ್ಲಿ ಒಂದೆಕರೆ ತೋಟ, ಅಡಿಕೆ ಕೊಯ್ಲು, ಮರ ಹತ್ತಿ ಅಡಿಕೆ ಗೊನೆ ತೆಗೆಯುವವರು ಸಿಗುವುದಿಲ್ಲ, ಸುಲಿಯುವವರಂತೂ ಇಲ್ಲವೇ ಇಲ್ಲ. ನಮ್ಮ ಕಡೆ ಇದು ದೊಡ್ಡ ಸುದ್ದಿಯಲ್ಲ.

ಬದಲಿಗೆ ಬಂದವರು ಬೆಂಗಳೂರು ಸ್ಲೀಪರ್ ಬಸ್ಸಿನಲ್ಲಿ ಕೆಲಸ ಮಾಡಿದ್ದವರು. ಇಸ್ತ್ರಿ ಅಂಗಿ, ಕೊರಳಲ್ಲಿ ಸ್ಕ್ಯಾನರ್, ಬಾಯಲ್ಲಿ ನಾಲ್ಕು ಭಾಷೆ. ನ್ಯಾಯವಾಗಿ ಹೇಳಬೇಕು, ಕೆಲಸದಲ್ಲಿ ಹಳಬರಿಗಿಂತ ಒಂದು ಕೈ ಮೇಲೆಯೇ. ತುಂಬಿದ ಬಸ್ಸಿಗೆ ಮಾಳೂರಿಗೆ ಮೊದಲೇ ಟಿಕೆಟ್ ಮುಗಿಸುತ್ತಿದ್ದರು. ಚಿಲ್ಲರೆ ಬಾಕಿ ಇಟ್ಟುಕೊಂಡದ್ದು ನಾನು ನೋಡಿಲ್ಲ. ನೆಟ್‌ವರ್ಕ್ ಇಲ್ಲದ ಕಡೆ ಫೋನ್ ಪೇ ಆಗದೆ ನಾವು ಒದ್ದಾಡುತ್ತೇವೆ ಅಂತ, ತೀರ್ಥಹಳ್ಳಿ ಸ್ಟ್ಯಾಂಡಿನಲ್ಲೇ ನಿಂತು ಮೊದಲು ಫೋನ್ ಪೇ ಮಾಡುವವರ ದುಡ್ಡು ತೆಗೆದುಕೊಳ್ಳುತ್ತಿದ್ದರು. ಓನರ್ ಖುಷಿಯಾಗಿದ್ದರಂತೆ, ಕಡೆಗೂ ಒಬ್ಬ ಕೆಲಸಗಾರ ಸಿಕ್ಕ ಅಂತ.

ಎರಡನೇ ದಿನವೋ ಮೂರನೇ ದಿನವೋ ನೆನಪಿಲ್ಲ. ಮಂಡಗದ್ದೆಗೆ ಇನ್ನೂ ಸ್ವಲ್ಪ ದೂರ ಇರುವಾಗ ಒಂದು ಮನೆಯ ಗೇಟಿನ ಎದುರು ಡ್ರೈವರಣ್ಣ ನಿಲ್ಲಿಸಿದರು. ಅಲ್ಲಿ ಸ್ಟಾಪಿಲ್ಲ. ಆದರೆ ಅಲ್ಲಿಂದ ಕಾಲು ಸ್ವಾಧೀನ ಇಲ್ಲದ ಒಬ್ಬ ಹುಡುಗ ಕಾಲೇಜಿಗೆ ಹತ್ತುತ್ತಾನೆ, ಒಂದು ವರ್ಷದಿಂದ ಅದು ರೂಢಿ. ಹೊಸ ಕಂಡಕ್ಟರಿಗೆ ಗೊತ್ತಿಲ್ಲ. ಹಿಂದಿನಿಂದ ಬಸ್ಸಿಗೆಲ್ಲ ಕೇಳುವ ಹಾಗೆ ಕೂಗಿದರು, "ಏನ್ರೀ, ಕಂಡಕಂಡಲ್ಲೆಲ್ಲ ನಿಲ್ಸೋಕೆ ಇದೇನು ಆಟೋನಾ?"

ಡ್ರೈವರಣ್ಣ ಏನೂ ಹೇಳಲಿಲ್ಲ. ಹುಡುಗ ಹತ್ತಿದ. ಬಸ್ಸು ಹೊರಡಲಿಲ್ಲ. ಅರ್ಧ ನಿಮಿಷ ಆಯಿತು. ಎಲ್ಲರೂ ಮುಂದೆ ನೋಡಿದೆವು. ಡ್ರೈವರಣ್ಣ ಸ್ಟೇರಿಂಗ್ ಮೇಲೆ ಎರಡೂ ಕೈ ಇಟ್ಟುಕೊಂಡು ನೇರ ರಸ್ತೆ ನೋಡುತ್ತಾ, "ವಿಷಲ್ ಬರ್ಲಿಲ್ಲ" ಅಂದರು.

ಅಷ್ಟೇ. ಅವತ್ತಿನಿಂದ ಅವರು ಕನ್ನಡಿ ನೋಡುವುದು ಬಿಟ್ಟರು. ಅಂದರೆ ಹೊರಗಿನ ಕನ್ನಡಿ ನೋಡುತ್ತಾರೆ, ಅದು ಬೇಕೇ ಬೇಕು. ಒಳಗಿನದ್ದು ಇಲ್ಲ. ಒಂದು ವಿಷಲ್ ಬಂದರೆ ನಿಲ್ಲಿಸುವುದು, ಎರಡು ಬಂದರೆ ಹೋಗುವುದು. ಮಧ್ಯೆ ಮನುಷ್ಯ ಸಂಬಂಧ ಇಲ್ಲ. ಕಂಡಕ್ಟರೂ ಹಠಮಾರಿ, ತನ್ನ ಕೆಲಸ ಟಿಕೆಟ್ಟು, ಉಳಿದದ್ದು ತನಗೆ ಸಂಬಂಧ ಇಲ್ಲ ಅನ್ನುವ ಹಾಗೆ. ಯಾರು ಎಲ್ಲಿ ಇಳಿಯುತ್ತಾರೆ ಅಂತ ಮೊದಲೇ ಹೇಳುವುದಿಲ್ಲ, ಸ್ಟಾಪ್ ಬಂದ ಮೇಲೆ ಒಂದು ವಿಷಲ್, ಬಸ್ಸು ಸ್ಟಾಪ್ ದಾಟಿ ನಿಲ್ಲುತ್ತದೆ, ಹೆಂಗಸರು ಮಕ್ಕಳು ಚೀಲ ಹಿಡಿದು ಹಿಂದಕ್ಕೆ ನಡೆಯಬೇಕು, ಡಿಕ್ಕಿ ಒಂದು ಕಡೆ, ಅಡಿಕೆ ಚೀಲ ಒಂದು ಕಡೆ. ಕ್ಲೀನರ್ ಹುಡುಗನ ಸ್ಥಿತಿ ನೋಡಬೇಕಿತ್ತು, ಗಂಡ ಹೆಂಡತಿ ಮಾತು ಬಿಟ್ಟ ಮನೆಯ ಮಗು ಇದ್ದ ಹಾಗೆ, "ಅವ್ರು ಹೇಳ್ತಿದಾರೆ ಗಾಜನೂರಲ್ಲಿ ನಿಲ್ಸಬೇಕಂತೆ" ಅಂತ ಹಿಂದಿನಿಂದ ಮುಂದೆ, "ಅವರಿಗೇ ಬಂದು ಹೇಳೋಕೆ ಹೇಳು" ಅಂತ ಮುಂದಿನಿಂದ ಹಿಂದೆ.

ಮಂಡಗದ್ದೆಯಲ್ಲಿ ಮತ್ತೆ ಟೈಮ್ ಹಿಡಿದೆ. 2 ನಿಮಿಷ 40 ಸೆಕೆಂಡ್. ಅವತ್ತು ಹಲಸಿನ ಹಣ್ಣಿನ ಅಜ್ಜಿಯೂ ಇರಲಿಲ್ಲ. ಇಂಥ ನಿಲುಗಡೆ ದಾರಿಯುದ್ದಕ್ಕೂ ಇವೆ, ನೀವೇ ಕೂಡಿಸಿ. ಶಿವಮೊಗ್ಗ ಮುಟ್ಟುವಾಗ 9:10 ಆಗುತ್ತಿತ್ತು. ಗಾಜನೂರಿನ ಹತ್ತಿರ ಹಿಂದಿನ ಬಸ್ಸು ಹಾರ್ನ್ ಹೊಡೆಯುತ್ತಾ ನಮ್ಮನ್ನು ದಾಟಿ ಹೋಗುವುದು ದಿನದ ಕಾರ್ಯಕ್ರಮ ಆಯಿತು. ಆ ಕಡೆ ಸ್ಟಾಪುಗಳಲ್ಲಿ ಕಾಯುವವರೆಲ್ಲ ಅವರಿಗೆ. ಸಕ್ರೆಬೈಲಿಗೆ ಬೆಳಗ್ಗೆ ಆನೆ ನೋಡಲು ಹೋಗುವವರು ಕೂಡ ಈ ಬಸ್ಸು ಬೇಡ ಅನ್ನತೊಡಗಿದರು.

ನನಗೆ ವಿಚಿತ್ರ ಅನಿಸಿದ್ದು ಏನೆಂದರೆ ಇಬ್ಬರಲ್ಲಿ ಒಬ್ಬರ ಮೇಲೂ ದೂರು ಕೊಡುವ ಹಾಗಿರಲಿಲ್ಲ. ಡ್ರೈವರಣ್ಣ ವಿಷಲ್ ಇಲ್ಲದೆ ಬಿಡಲಿಲ್ಲ, ಸರಿಯೇ. ಕಂಡಕ್ಟರ್ ಒಂದು ರೂಪಾಯಿ ಲೆಕ್ಕ ತಪ್ಪಲಿಲ್ಲ, ಅದೂ ಸರಿಯೇ. ಓನರ್ ಬಂದು ಒಂದು ದಿನ ಬಸ್ಸಿನಲ್ಲೇ ಕೂತು ನೋಡಿದರು. ಅವತ್ತು ಇಬ್ಬರೂ ಪರೀಕ್ಷೆಗೆ ಕೂತ ಮಕ್ಕಳ ಹಾಗೆ. ಏನೂ ಸಿಗದೆ ಓನರ್ ಶಿವಮೊಗ್ಗದಲ್ಲಿ ಇಳಿದು, ಇಂಜೆಕ್ಟರ್ ಸರ್ವಿಸ್ ಮಾಡಿಸಬೇಕು, ಪಿಕಪ್ ಇಲ್ಲ ಅಂತ ಕಾಣುತ್ತದೆ ಅಂದರಂತೆ. ಮಾಡಿಸಿದರು ಕೂಡ! ಬಸ್ಸು ಎರಡು ದಿನ ಗ್ಯಾರೇಜಿನಲ್ಲಿತ್ತು, ನಾನು ಎರಡು ದಿನ ನಿಂತುಕೊಂಡು ಹೋದೆ.

ಇಲ್ಲಿ ಸ್ವಲ್ಪ ನನ್ನ ಆಫೀಸಿನ ಮಾತು ಹೇಳಬೇಕು, ಯಾಕೆಂದರೆ ಈ ಇಂಜೆಕ್ಟರ್ ಸರ್ವಿಸ್ ಕೇಳಿ ನಾನು ನಕ್ಕ ದಿನವೇ ನಮ್ಮಲ್ಲಿ ಎಕ್ಸೆಲ್ ಟ್ರೈನಿಂಗ್ ಇತ್ತು. ಸ್ಟಾಕಿನ ಬಿಲ್ಲು ಪಾಸಾಗಲು ಎರಡು ದಿನ ಹಿಡಿಯುತ್ತದೆ, ಅಕೌಂಟ್ಸಿನವರಿಗೆ ಸ್ಕಿಲ್ ಕಡಿಮೆ ಅಂತ ಮೇಲಿನವರ ತೀರ್ಮಾನ. ಟ್ರೈನಿಂಗ್ ಒಳ್ಳೆಯದೇ ಇತ್ತು, ಸುಳ್ಳು ಹೇಳಬಾರದು, ಅರ್ಧ ಗಂಟೆ ಕೂತು ಕಣ್ಣಲ್ಲಿ ಹೊಂದಿಸುತ್ತಿದ್ದ ಪಟ್ಟಿಯನ್ನು ವಿಲುಕಪ್ ಅನ್ನುವ ಎಕ್ಸೆಲ್ ಸೂತ್ರ ಹಾಕಿ ಎರಡು ನಿಮಿಷಕ್ಕೆ ಮುಗಿಸುವುದು ಕಲಿತೆ. ಬಿಲ್ಲು ಪಾಸಾಗಲು ಆಮೇಲೂ ಎರಡು ದಿನವೇ. ಯಾಕೆಂದರೆ ಕೆಳಗಿನ ಮಹಡಿಯ ಸ್ಟೋರ್ಸಿನವರಿಗೂ ನನಗೂ ಒಂದು ವರ್ಷದಿಂದ ಮಾತಿಲ್ಲ. ಮೀಟಿಂಗಿನಲ್ಲಿ ಎಲ್ಲರೆದುರು ನಾನೊಂದು ತಪ್ಪು ಎತ್ತಿ ತೋರಿಸಿದ್ದೆ. ಅವರು ಪಟ್ಟಿ ಕಳಿಸುತ್ತಾರೆ, ಅದರಲ್ಲಿ ಒಂದು ಐಟಂ ಹೊಂದುವುದಿಲ್ಲ, ನಾನು ಮೇಲ್ ಹಾಕುತ್ತೇನೆ, ಅವರು ಮರುದಿನ ಉತ್ತರ ಹಾಕುತ್ತಾರೆ. ಮೆಟ್ಟಿಲು ಇಳಿದರೆ ಹದಿನಾರು ಮೆಟ್ಟಿಲು. ವಿಷಲ್ ಬರ್ಲಿಲ್ಲ ಅಂತ ಕೂತವಳು ನಾನೂ ಅಂತ ಅವತ್ತು ಬಸ್ಸಿನಲ್ಲಿ ಹೊಳೆದಾಗ ನಗು ನಿಂತುಹೋಯಿತು.

ಸರಿ, ಬಸ್ಸಿಗೆ ಬರೋಣ. ಬೆಂಗಳೂರಿನವರು ಸಂಕ್ರಾಂತಿ ಹೊತ್ತಿಗೆ ಬಿಟ್ಟು ಹೋದರು. ಹೋಗುವ ದಿನ ನನ್ನ ಹತ್ತಿರ, "ಮೇಡಂ, ಇಲ್ಲಿ ಟಿಕೆಟ್ ಕೊಡೋದಕ್ಕಿಂತ ನೆಂಟಸ್ತನ ಮಾಡೋದು ಜಾಸ್ತಿ" ಅಂದರು. ಅವರ ದೃಷ್ಟಿಯಲ್ಲಿ ತಪ್ಪೇನಿಲ್ಲ. ಸ್ಲೀಪರ್ ಬಸ್ಸಿನಲ್ಲಿ ಬುಕಿಂಗ್ ಮೊದಲೇ ಆಗಿರುತ್ತದೆ, ಹತ್ತಿದವರು ಮಲಗುತ್ತಾರೆ, ಡ್ರೈವರ್ ಜೊತೆ ಮಾತು ಬೇಕಾಗುವುದು ಊಟಕ್ಕೆ ಎಲ್ಲಿ ನಿಲ್ಲಿಸುವುದು ಅನ್ನುವುದಕ್ಕೆ ಮಾತ್ರ. ಅಲ್ಲಿ ಅವರು ಚಿನ್ನ. ನಮ್ಮ ದಾರಿಯಲ್ಲಿ ಕಾಲು ಗಂಟೆಗೆ ಐದು ಕಡೆ ನಿಲ್ಲುವ ಬಸ್ಸು, ಇಲ್ಲಿ ಆ ಚಿನ್ನ ನಡೆಯಲಿಲ್ಲ.

ಆಮೇಲೆ ಡ್ರೈವರಣ್ಣನೇ ಓನರಿಗೆ ಹೇಳಿ ತಮ್ಮ ಭಾವನನ್ನು ತಂದರು. ಹೊಂದಾಣಿಕೆ ಇದ್ದರೆ ಸಾಕು ಅಲ್ವಾ, ಈಗ ಸರಿಯಾಗುತ್ತದೆ ಅಂತ ನಾವೆಲ್ಲ ಅಂದುಕೊಂಡೆವು. ಎಂಥ ಹೊಂದಾಣಿಕೆ ಅಂತೀರಿ! ತೀರ್ಥಹಳ್ಳಿ ಬಿಡುವಾಗ ಶುರುವಾದ ಮಾತು ಮಂಡಗದ್ದೆಯಾದರೂ ಮುಗಿಯುತ್ತಿರಲಿಲ್ಲ. ಅತ್ತೆ ಮನೆ ತೋಟ, ಮಂಗನ ಕಾಟ, ಮಂಡಿಯಲ್ಲಿ ರಾಶಿ ಅಡಿಕೆ ರೇಟು, ಯಾರದ್ದೋ ಮದುವೆಯಲ್ಲಿ ಹೋಳಿಗೆ ಸಾಲದೆ ಹೋದದ್ದು. ಭಾವ ಮುಂದೆ ಇಂಜಿನ್ ಪಕ್ಕ ನಿಂತೇ ಇರುತ್ತಿದ್ದರು, ಹಿಂದೆ ಅರ್ಧ ಬಸ್ಸಿಗೆ ಟಿಕೆಟ್ ಆಗಿರುತ್ತಿರಲಿಲ್ಲ. ಮಷಿನ್ ಅವರಿಗೆ ಹೊಸದು, ಒಂದೊಂದೇ ಗುಂಡಿ ಹುಡುಕಿ ಒತ್ತುವುದು, ಸ್ಟೇಜ್ ತಪ್ಪಿದರೆ ಕ್ಯಾನ್ಸಲ್ ಮಾಡಲು ಗೊತ್ತಿಲ್ಲ. ಗಾಜನೂರು ದಾಟಿದ ಮೇಲೆ ಬಸ್ಸನ್ನು ಬದಿಗೆ ಹಾಕಿ ಟಿಕೆಟ್ ಮುಗಿಸುವುದು, ಮುಂದೆ ಎಲ್ಲಾದರೂ ಓನರ್ ಕಡೆಯವರು ಚೆಕ್ಕಿಂಗಿಗೆ ನಿಂತಿದ್ದರೆ ಕಷ್ಟ ಅಂತ. ಹತ್ತು ನಿಮಿಷ ಅಲ್ಲಿ ಹೋಯಿತು. ಒಂದು ದಿನ ಮಾಳೂರಿನಲ್ಲಿ ಇಳಿಯಬೇಕಿದ್ದ ಟೀಚರ್ ಒಬ್ಬರನ್ನು ಮಾತಿನ ಭರದಲ್ಲಿ ಎರಡು ಕಿಲೋಮೀಟರ್ ಮುಂದೆ ತಂದು ಇಳಿಸಿದರು. ಟೀಚರ್ ಬೈದದ್ದನ್ನು ಇಲ್ಲಿ ಬರೆಯುವ ಹಾಗಿಲ್ಲ.

ಬೆಂಗಳೂರಿನವರ ಕಾಲದಲ್ಲಿ ಬಸ್ಸಿನಲ್ಲಿ ಉಸಿರು ಕಟ್ಟುತ್ತಿತ್ತು, ಭಾವನ ಕಾಲದಲ್ಲಿ ಎಲ್ಲರೂ ನಗುತ್ತಾ ತಡವಾಗಿ ಹೋಗುತ್ತಿದ್ದೆವು. ಬೆರಳೊತ್ತುವ ಮಷಿನ್ನಿಗೆ ಎರಡೂ ಒಂದೇ. ನನ್ನ ಅರ್ಧ ದಿನದ ರಜೆಗಳು ಹೆಚ್ಚು ಹೋದದ್ದು ಭಾವನ ಲೆಕ್ಕದಲ್ಲಿ.

ಒಂದು ಬದಲಾವಣೆ ಮಾತ್ರ ಕಂಡೆ. ಡ್ರೈವರಣ್ಣ ಒಳಗಿನ ಕನ್ನಡಿ ಮತ್ತೆ ನೋಡತೊಡಗಿದ್ದರು. ನೋಡುವುದು, ಅಲ್ಲಿ ಯಾವ ಬೆರಳೂ ಕಾಣದೆ ಮುಖ ಸಣ್ಣ ಮಾಡಿಕೊಳ್ಳುವುದು. ಒಂದು ದಿನ ಭಾವನಿಗೆ ಮೆಲ್ಲಗೆ, "ಹಿಂದೆ ಹೋಗು ಮಾರಾಯ, ಮಾತು ಸಂಜೆಗೆ ಆಡಿದ್ರಾಯ್ತು" ಅಂದದ್ದು ಕೇಳಿಸಿತು. ನೆಂಟನಿಗೆ ಅದಕ್ಕಿಂತ ಜೋರಾಗಿ ಹೇಳುವುದು ಹೇಗೆ. ಹೇಳಿದ್ದರೆ ಮನೆಯಲ್ಲಿ ಊಟ ಕಷ್ಟ.

ಫೆಬ್ರವರಿ ಕೊನೆಗೆ ಕೊಯ್ಲು ಸುಲಿತ ಎಲ್ಲ ಮುಗಿದು ಹಳೆಯ ಕಂಡಕ್ಟರ್ ವಾಪಸ್ ಬಂದರು. ಓನರೇ ಮನೆಗೆ ಹೋಗಿ ಕರೆದರು ಅನ್ನುವವರಿದ್ದಾರೆ, ದಿನದ ಬಾಟಾ (ಭತ್ಯೆ) ಜಾಸ್ತಿ ಮಾಡಿದರು ಅನ್ನುವವರೂ ಇದ್ದಾರೆ. ಮೊದಲ ದಿನ ನಾನು ಬೇಕಂತಲೇ ಕನ್ನಡಿ ಕಾಣುವ ಸೀಟು ಹಿಡಿದೆ. ಮಾಳೂರು ಹತ್ತಿರ ಬಂತು. ಹಿಂದಿನಿಂದ ಮೂರು ಬೆರಳು ಎದ್ದಿತು, ಅಂಗೈ ಕೆಳಗಾಯಿತು. ಡ್ರೈವರಣ್ಣನ ಕಣ್ಣು ಒಂದು ಸಲ ಮೇಲೆ ಹೋಗಿ ಬಂತು, ಕಾಲು ಕ್ಲಚ್ಚಿಗೆ ಹೋಯಿತು. ಕ್ಲೀನರ್ ಹುಡುಗ ಆಗಲೇ ಬಾಗಿಲಲ್ಲಿದ್ದ. ಯಾರೂ ಯಾರಿಗೂ ನಮಸ್ಕಾರ ಕೂಡ ಹೇಳಿರಲಿಲ್ಲ. 8:48ಕ್ಕೆ ಶಿವಮೊಗ್ಗ.

ಸ್ಟೋರ್ಸಿನವರ ವಿಷಯ ಕೇಳುವವರಿಗೆ: ಇಳಿದೆ, ಹದಿನಾರು ಮೆಟ್ಟಿಲು. ಮೊದಲ ದಿನ ಮುಖ ಗಂಟು ಹಾಕಿಕೊಂಡರು. ಅವರ ಟೇಬಲ್ ನೋಡಿದ ಮೇಲೆ ಗೊತ್ತಾಯಿತು, ಪಟ್ಟಿಯನ್ನು ಮೊದಲು ಪುಸ್ತಕದಲ್ಲಿ ಕೈಯಲ್ಲಿ ಬರೆದು ಆಮೇಲೆ ಎರಡು ಬೆರಳಲ್ಲಿ ಟೈಪ್ ಮಾಡುತ್ತಾರೆ, ಐಟಂ ತಪ್ಪುವುದು ಅಲ್ಲಿ. ಈಗ ಪುಸ್ತಕದ ಫೋಟೋ ತೆಗೆದು ಕಳಿಸುತ್ತಾರೆ, ಟೈಪು ನನ್ನದು. ಹೆಚ್ಚಿನ ಬಿಲ್ಲು ಅದೇ ದಿನ ಸಂಜೆಗೆ ಹೋಗುತ್ತದೆ. ಸ್ನೇಹ ಏನೂ ಆಗಿಲ್ಲ, ಹಾಗೆ ಅಂದುಕೊಳ್ಳಬೇಡಿ. ಮಾತಿದೆ ಅಷ್ಟೇ.

ಈ ಬಸ್ಸು ಹತ್ತುವವರಿಗೆ ಎರಡು ಮಾತು. ಸೋಮವಾರ ಬೇಡ, ಕಾಲೇಜು ಮಕ್ಕಳ ಬ್ಯಾಗಿನ ನಡುವೆ ಕಾಲಿಡಲು ಜಾಗ ಇರುವುದಿಲ್ಲ. ನದಿ ನೋಡಬೇಕಿದ್ದರೆ ತೀರ್ಥಹಳ್ಳಿಯಲ್ಲಿ ಏಳಕ್ಕೇ ಬಂದು ಕಿಟಕಿ ಹಿಡಿಯಿರಿ, ಕೊನೆಯ ಸೀಟು ಮಾತ್ರ ಬೇಡ, ಸೊಂಟ ಹೋಗುತ್ತದೆ. ಚಿಲ್ಲರೆ ತನ್ನಿ. ಈ ಕಂಡಕ್ಟರ್ ಎಲ್ಲದರಲ್ಲೂ ಉಷಾರು, ಚಿಲ್ಲರೆ ಒಂದು ಬಿಟ್ಟು. ನವೆಂಬರಿನಲ್ಲಿ ರಜೆ ಹಾಕುವ ಹಿಂದಿನ ದಿನ ನನ್ನ ಟಿಕೆಟ್ಟಿನ ಹಿಂದೆ 7 ಅಂತ ಬರೆದು ಕೊಟ್ಟಿದ್ದರು. ಟಿಕೆಟ್ಟನ್ನು ಪರ್ಸಿನಲ್ಲಿ ಹಾಗೇ ಇಟ್ಟುಕೊಂಡಿದ್ದೆ. ಅಕ್ಷರ ಅರ್ಧ ಅಳಿಸಿದೆ. ಅವರು ಬಂದ ಮೊದಲ ದಿನವೇ ಇಳಿಯುವಾಗ ತೆಗೆದು ತೋರಿಸಿದೆ. ತಿರುಗಿಸಿ ನೋಡಿದರು, ಚೀಲಕ್ಕೆ ಕೈ ಹಾಕಿ ಗಲಗಲ ಮಾಡಿದರು.

"ನಾಳೆ ಕೊಡ್ತೇನೆ ಅಕ್ಕ, ಈಗ ಚಿಲ್ಲರೆ ಇಲ್ಲ."